ಹೆಸರಿನ ಗೊಂದಲದಿಂದ ಶವವೇ ಔಷಧವಾದದ್ದು

ಔಷಧಕ್ಕೆ ಗುಣವೆಷ್ಟು ಮುಖ್ಯವೋ ಅದರ ಗುರುತೂ ಅಷ್ಟೇ ಮುಖ್ಯ. ಒಂದು ದ್ರವ್ಯದ ಹೆಸರು ಮತ್ತೊಂದಕ್ಕೆ ಅಂಟಿಕೊಂಡರೆ ಎಂತಹ ಅನರ್ಥವಾದೀತೆಂಬುದಕ್ಕೆ ಯುರೋಪಿನ ವೈದ್ಯಚರಿತ್ರೆಯಲ್ಲಿ ಭೀಕರವಾದ ನಿದರ್ಶನವೊಂದಿದೆ. ಅಲ್ಲಿಯ ಜನರು ಹಲವು ಶತಮಾನಗಳ ಕಾಲ ಈಜಿಪ್ಟಿನ ಶವಗಳನ್ನು ಪುಡಿಮಾಡಿ ಔಷಧವೆಂದು ಸೇವಿಸಿದರು.

ಇದರ ಮೂಲವಿರುವುದು ಪರ್ಷಿಯಾದಲ್ಲಿ. ಅಲ್ಲಿಯ ಬೆಟ್ಟಗಳ ಬಂಡೆಗಳಿಂದ ಕಪ್ಪಾದ ಅಂಟುದ್ರವ್ಯವೊಂದು ಒಸರುತ್ತಿತ್ತು. ಮೇಣವೆಂಬ ಅರ್ಥದ ‘ಮೋಮ್’ ಶಬ್ದದಿಂದ ಅದಕ್ಕೆ ‘ಮೂಮಿಯಾ’ ಎಂಬ ಹೆಸರು ಬಂದಿತು. ಹಿಂದಿಯ ‘ಮೋಂಬತ್ತಿ’ಯಲ್ಲಿರುವುದೂ ಇದೇ ಶಬ್ದ. ಗಾಯಕ್ಕೂ ಮೂಳೆಮುರಿತಕ್ಕೂ ಅರಬ್ ವೈದ್ಯರು ಅದನ್ನು ಬಳಸುತ್ತಿದ್ದರು. ದೊರೆಯುತ್ತಿದ್ದುದು ಅತ್ಯಲ್ಪ, ಆದ್ದರಿಂದ ಬೆಲೆಯೂ ಅಧಿಕ.

ಈಜಿಪ್ಟಿನಲ್ಲಿ ಕೆಡದಂತೆ ಕಾಪಿಟ್ಟ ಶವಗಳ ಮೇಲಿನ ರಾಳದ ಲೇಪವೂ ಕಾಲಕ್ರಮದಲ್ಲಿ ಕಪ್ಪಾಗಿ ಅದರಂತೆಯೇ ಕಾಣುತ್ತಿತ್ತು. ಆ ಲೇಪಕ್ಕೂ ಅದೇ ಹೆಸರು ಬಂದಿತು. 12ನೆಯ ಶತಮಾನದಲ್ಲಿ ಅರಬ್ಬೀ ವೈದ್ಯಗ್ರಂಥಗಳು ಲ್ಯಾಟಿನ್ ಭಾಷೆಗೆ ಅನುವಾದಗೊಂಡಾಗ ಈ ಗೊಂದಲವು ಯುರೋಪಿಗೂ ಸಾಗಿತು. ಬೆಟ್ಟದ ದ್ರವ್ಯದ ಹೆಸರು ಮೊದಲು ಲೇಪಕ್ಕೆ, ಆಮೇಲೆ ಶವಕ್ಕೇ ಅಂಟಿತು. ‘ಮಮ್ಮಿ’ ಎಂಬ ಇಂದಿನ ಪದವು ಹುಟ್ಟಿದ್ದು ಹೀಗೆ.

16ನೆಯ ಶತಮಾನದ ವೇಳೆಗೆ ಯುರೋಪಿನ ಔಷಧದಂಗಡಿಗಳಲ್ಲಿ ಇದು ಸಾಮಾನ್ಯ ಸರಕಾಗಿತ್ತು. ಬೇಡಿಕೆಗೆ ತಕ್ಕಷ್ಟು ಹಳೆಯ ಶವಗಳು ಸಿಗದಿದ್ದಾಗ ವರ್ತಕರು ಹೊಸ ಶವಗಳನ್ನೇ ತಂದು ಒಣಗಿಸಿದರು. ನವಾರ್ ದೇಶದ ಅರಸನ ವೈದ್ಯನೊಬ್ಬನು 1564ರಲ್ಲಿ ಅಲೆಕ್ಸಾಂಡ್ರಿಯಾದ ವರ್ತಕನನ್ನು ವಿಚಾರಿಸಿದಾಗ, ಅವೆಲ್ಲವನ್ನೂ ತಾನೇ ಸಿದ್ಧಪಡಿಸಿದ್ದೆಂದೂ ಯಾವುದೂ ನಾಲ್ಕು ವರ್ಷಕ್ಕಿಂತ ಹಳೆಯದಲ್ಲವೆಂದೂ ಆತನು ಒಪ್ಪಿಕೊಂಡನು. ಸತ್ತವರು ಯಾರು, ಯಾವ ರೋಗದಿಂದ ಸತ್ತರು ಎಂಬ ಗೊಡವೆ ಆತನಿಗಿರಲಿಲ್ಲ. ಈ ಸಂಗತಿಯನ್ನು ದಾಖಲಿಸಿದವನು ಫ್ರಾನ್ಸಿನ ಪ್ರಸಿದ್ಧ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ. ತಾನು ಪ್ರಯೋಗಿಸಿ ನೋಡಿದರೂ ಇದರಿಂದ ಪ್ರಯೋಜನವಾಗಲಿಲ್ಲ, ಬದಲಾಗಿ ಹೊಟ್ಟೆನೋವು, ವಾಂತಿ, ಬಾಯಿಯ ದುರ್ಗಂಧ ಉಂಟಾಗುತ್ತವೆಂದು ಆತನು 1582ರಲ್ಲಿ ಬರೆದನು. ಆದರೂ ವ್ಯಾಪಾರವು ನಿಲ್ಲಲಿಲ್ಲ. 20ನೆಯ ಶತಮಾನದ ಆರಂಭದಲ್ಲಿಯೂ ಜರ್ಮನಿಯ ಮೆರ್ಕ್ ಕಂಪನಿಯ ಬೆಲೆಪಟ್ಟಿಯಲ್ಲಿ ಈ ದ್ರವ್ಯವಿತ್ತು.

ಇದನ್ನೋದಿ ನಗುವ ಮುನ್ನ ನಮ್ಮ ಮನೆಯ ಔಷಧಪೆಟ್ಟಿಗೆಯನ್ನೊಮ್ಮೆ ನೋಡೋಣ. ನಮ್ಮಲ್ಲಿಯೂ ಬಂಡೆಗಳಿಂದ ಒಸರುವ ಕಪ್ಪು ದ್ರವ್ಯವೊಂದಿದೆ; ಅದೇ ಶಿಲಾಜತು. ಚರಕಾಚಾರ್ಯರು ರಸಾಯನ ಪ್ರಕರಣದಲ್ಲಿ ಅದನ್ನು ವಿವರಿಸಿದ್ದಾರೆ. ತ್ರಿಫಲಾ ಕಷಾಯ ಮುಂತಾದವುಗಳಿಂದ ಶೋಧಿಸಿದ ಮೇಲೆಯೇ ಅದು ಸೇವನೆಗೆ ಯೋಗ್ಯ. ಶೋಧಿಸದ ದ್ರವ್ಯದಲ್ಲಿ ಸೀಸ, ಆರ್ಸೆನಿಕ್‌ಗಳಂತಹ ವಿಷಾಂಶಗಳಿರಬಹುದು. ಆದರೆ ಜಾತ್ರೆಯಲ್ಲಿ, ರಸ್ತೆಬದಿಯಲ್ಲಿ, ಈಗ ಮೊಬೈಲಿನ ಜಾಹೀರಾತಿನಲ್ಲಿ ‘ಹಿಮಾಲಯದ ಅಸಲಿ ಮಾಲು’ ಎಂಬ ಒಂದೇ ಮಾತಿಗೆ ಮರುಳಾಗಿ ಕೊಳ್ಳುವವರನ್ನು ನಾವು ಚಿಕಿತ್ಸಾಲಯದಲ್ಲಿ ಆಗಾಗ ಕಾಣುತ್ತೇವೆ. ಆ ಪೊಟ್ಟಣದ ಮೇಲೆ ತಯಾರಕರ ಹೆಸರೂ ಇರುವುದಿಲ್ಲ.

ಆದುದರಿಂದ ಸದ್ಭಕ್ತರು ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ, ಬ್ಯಾಚ್ ಸಂಖ್ಯೆಗಳಿಲ್ಲದ ಯಾವ ಔಷಧವನ್ನೂ ಕೊಳ್ಳಬಾರದು. ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯುಳ್ಳವರು ಹಾಗೂ ಮಧುಮೇಹ, ರಕ್ತದೊತ್ತಡಗಳಿಗೆ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಶಿಲಾಜತುವನ್ನು ಮುಟ್ಟಲೇಬಾರದು. ಬೆಲೆ ಹೆಚ್ಚೆಂದ ಮಾತ್ರಕ್ಕೆ, ದೂರದಿಂದ ಬಂದಿತೆಂದ ಮಾತ್ರಕ್ಕೆ ಯಾವುದೂ ಔಷಧವಾಗದು. ಅದು ಏನು, ಎಲ್ಲಿಯದು, ಯಾರು ಮಾಡಿದ್ದು ಎಂದು ಅಂದಿನ ರೋಗಿಗಳು ಕೇಳಲಿಲ್ಲ, ನಾವು ಕೇಳೋಣ.