ಬ್ಯಾರೆಲ್ ಗಿಡ್ಡವಾದರೆ ಗುರಿ ತಪ್ಪುತ್ತದೆಯೇ?

‘ಇದು ಗಿಡ್ಡ ಬ್ಯಾರೆಲ್ಲು, ದೂರಕ್ಕೆ ನಡೆಯಲ್ಲ!’ ಎನ್‌ಸಿಸಿ ಫೈರಿಂಗ್ ಮುಗಿಸಿ ಬಂದ ಕೆಡೆಟ್‌ಗಳ ಹರಟೆಯಲ್ಲಿ ಈ ಮಾತು ಇದ್ದೇ ಇರುತ್ತದೆ. ಟಾರ್ಗೆಟ್ ಹಾಳೆಯಲ್ಲಿ ಐದು ತೂತು ಐದು ದಿಕ್ಕಿಗೆ ಬಿದ್ದಿದ್ದರೆ ತಪ್ಪೆಲ್ಲ ರೈಫಲ್ಲಿನದು. ನಮ್ಮ ಮಲೆನಾಡಿನ ಹಿರಿಯರೂ ಉದ್ದ ನಳಿಗೆಯ ಕೋವಿಯೇ ದೂರಕ್ಕೆ ಸರಿ ಎನ್ನುತ್ತಾರೆ. ಎನ್‌ಸಿಸಿ ಮುಗಿಸಿ ಈಗ ಏರ್ ರೈಫಲ್ ಅಭ್ಯಾಸ ಮಾಡುತ್ತಿರುವ ನನಗೆ ಈ ನಂಬಿಕೆಯನ್ನು ಬಿಡಿಸಿ ನೋಡಬೇಕೆನಿಸಿದೆ. ಏಕೆಂದರೆ ಇದನ್ನು ನಂಬಿ ‘ನನಗೆ ಒಳ್ಳೆ ರೈಫಲ್ ಸಿಗಲಿಲ್ಲ’ ಎಂದು ಶೂಟಿಂಗ್ ಬಿಟ್ಟವರಿದ್ದಾರೆ. ಬೇರೆ ರೈಫಲ್ ಬೇಕೆಂದು ಅಪ್ಪ-ಅಮ್ಮನಿಂದ ಸಾಲ ಮಾಡಿಸಿದವರೂ ಇದ್ದಾರೆ.

ಹಿರಿಯರ ಮಾತು ಪೂರ್ತಿ ಸುಳ್ಳೇನಲ್ಲ. ಹಳೆಯ ಕೋವಿಗಳಲ್ಲಿ ತುಂಬುತ್ತಿದ್ದುದು ಕರಿಮದ್ದು. ಅದರಿಂದ ಗುಂಡಿಗೆ ಸಾಕಷ್ಟು ವೇಗ ಬರಬೇಕಾದರೆ ಉದ್ದನೆಯ ನಳಿಗೆ ಬೇಕಿತ್ತು. ಹೊಗೆ ಬಾರದ ಮದ್ದು ಬಂದ ಮೇಲೆ ಕಡಿಮೆ ಉದ್ದದಲ್ಲೇ ಆ ಕೆಲಸ ಆಗತೊಡಗಿತು. ಕಾಲ ಬದಲಾದರೂ ಮಾತು ಮಾತ್ರ ಉಳಿದುಕೊಂಡಿತು.

ಇದೇ ಜಗಳ ನೂರಿಪ್ಪತ್ತು ವರ್ಷಗಳ ಹಿಂದೆ ಬ್ರಿಟನ್ನಿನಲ್ಲೂ ನಡೆದಿತ್ತು. ಬೋಯರ್ ಯುದ್ಧದ ನಂತರ ಅಲ್ಲಿನ ಸೇನೆ ಕಾಲಾಳು, ಕುದುರೆ ಸವಾರ ಇಬ್ಬರಿಗೂ ಒಂದೇ ರೈಫಲ್ ಇರಲೆಂದು ಲೀ-ಎನ್‌ಫೀಲ್ಡ್‌ನ ಬ್ಯಾರೆಲನ್ನು ಸುಮಾರು 77 ಸೆಂ.ಮೀ.ನಿಂದ 64 ಸೆಂ.ಮೀ.ಗೆ ಇಳಿಸಿತು. ಇದು ಗುರಿಗೆ ಲಾಯಕ್ಕಿಲ್ಲ ಎಂದು ಟೀಕಾಕಾರರು ಕೂಗಾಡಿದರು. ಆದರೆ ಆ ‘ಗಿಡ್ಡ’ ರೈಫಲ್ ಎರಡು ಮಹಾಯುದ್ಧ ಕಂಡಿತು. ನಮ್ಮ ದೇಶದ ಇಶಾಪುರ ಕಾರ್ಖಾನೆಯಲ್ಲೂ ತಯಾರಾಯಿತು. ಪೊಲೀಸರ ಹೆಗಲ ಮೇಲೆ ನಾವೆಲ್ಲ ನೋಡಿರುವ ‘ತ್ರೀ ನಾಟ್ ತ್ರೀ’ ಅದೇ ವಂಶದ್ದು. ಇವತ್ತು ಅದನ್ನು ನೋಡಿದವರು ‘ಎಷ್ಟು ಉದ್ದದ ಬಂದೂಕು!’ ಎನ್ನುತ್ತಾರೆ.

ಹಾಗಾದರೆ ಬ್ಯಾರೆಲ್ ಕತ್ತರಿಸಿದಾಗ ಏನು ಹೋಗುತ್ತದೆ, ಏನು ಉಳಿಯುತ್ತದೆ?

ಉಳಿಯುವುದು ಗ್ರೂಪಿಂಗ್, ಅಂದರೆ ಗುಂಡುಗಳು ಒಂದೇ ಜಾಗದಲ್ಲಿ ಗುಂಪಾಗಿ ಬೀಳುವ ಗುಣ. ಗುಂಡು ಹಾರಿದಾಗ ಬ್ಯಾರೆಲ್ ಕಂಪಿಸುತ್ತದೆ. ಒಂದೇ ದಪ್ಪದ ಎರಡು ಕಬ್ಬಿಣದ ಸರಳು ತೆಗೆದುಕೊಂಡು ಬಗ್ಗಿಸಿ ನೋಡಿ, ಗಿಡ್ಡದ್ದೇ ಗಟ್ಟಿ. 60 ಸೆಂ.ಮೀ. ಸರಳಿಗಿಂತ 40 ಸೆಂ.ಮೀ. ಸರಳಿನ ತುದಿಯನ್ನು ಬಗ್ಗಿಸಲು ಮೂರು ಪಟ್ಟಿಗೂ ಹೆಚ್ಚು ಬಲ ಬೇಕು. ಹೀಗಾಗಿ ಚೆನ್ನಾಗಿ ತಯಾರಾದ ಗಿಡ್ಡ ಬ್ಯಾರೆಲ್ ಗುಂಡುಗಳನ್ನು ಚದುರಿಸುವುದಿಲ್ಲ.

ಹೋಗುವುದರಲ್ಲಿ ಮೊದಲನೆಯದು ಎರಡು ಸೈಟ್‌ಗಳ ನಡುವಿನ ಅಂತರ. ಕಣ್ಣಿನ ಹತ್ತಿರದ ಬ್ಯಾಕ್‌ಸೈಟ್ ಮತ್ತು ತುದಿಯ ಫೋರ್‌ಸೈಟ್ ನಡುವೆ 75 ಸೆಂ.ಮೀ. ಇದೆ ಎಂದುಕೊಳ್ಳಿ. ಫೋರ್‌ಸೈಟ್ 1 ಮಿ.ಮೀ. ಸರಿದರೆ 50 ಮೀಟರ್ ದೂರದಲ್ಲಿ ಗುಂಡು ಸುಮಾರು 6.7 ಸೆಂ.ಮೀ. ಆಚೆ ಬೀಳುತ್ತದೆ. ಅಂತರ 50 ಸೆಂ.ಮೀ. ಆದರೆ ಅದೇ ತಪ್ಪು 10 ಸೆಂ.ಮೀ. ಆಗುತ್ತದೆ. ಗುಂಡು ಚದುರಿದಂತೆ ಕಾಣುವುದು ಇದರಿಂದಲೇ. ಇಲ್ಲಿ ತಪ್ಪಿದ್ದು ನಮ್ಮ ಕಣ್ಣು, ಬ್ಯಾರೆಲ್ ಅಲ್ಲ. ಟೆಲಿಸ್ಕೋಪ್ ಸೈಟ್ ಹಾಕಿದರೆ ಈ ವ್ಯತ್ಯಾಸವೇ ಇರುವುದಿಲ್ಲ.

ಎರಡನೆಯದು ವೇಗ. ಸೇನೆಯ ರೈಫಲ್‌ಗಳಲ್ಲಿ ಬ್ಯಾರೆಲ್ ಮೋಟಾದಷ್ಟೂ ಗುಂಡಿನ ವೇಗ ಇಳಿಯುತ್ತದೆ. 300 ಮೀಟರ್ ದೂರವನ್ನು ಗುಂಡು ಸೆಕೆಂಡಿಗೆ ಸರಾಸರಿ 750 ಮೀಟರ್ ವೇಗದಲ್ಲಿ ಸಾಗಿದರೆ ಗುರುತ್ವದಿಂದ ಸುಮಾರು 78 ಸೆಂ.ಮೀ. ಕೆಳಗಿಳಿಯುತ್ತದೆ, ಸರಾಸರಿ 700 ಮೀಟರ್ ಆದರೆ 90 ಸೆಂ.ಮೀ. ಆದರೆ ಈ ಇಳಿತ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ಸೈಟನ್ನು ಅಷ್ಟು ಎತ್ತರಿಸಿಕೊಂಡರೆ ಮುಗಿಯಿತು. ಗಾಳಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ನಿಧಾನದ ಗುಂಡನ್ನು ಅದು ಹೆಚ್ಚು ಹೊತ್ತು ತಳ್ಳುತ್ತದೆ. ಇನ್ನೂ ದೂರ ಹೋದಂತೆ ಗುಂಡಿನ ವೇಗ ಶಬ್ದದ ವೇಗಕ್ಕೆ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರ್‌ಗೆ ಇಳಿಯುತ್ತದೆ. ಆ ಗಡಿ ದಾಟುವಾಗ ಗುಂಡಿನ ಸ್ಥಿರತೆ ಕೆಡಬಹುದು. ಗಿಡ್ಡ ಬ್ಯಾರೆಲ್ಲಿನ ಗುಂಡಿಗೆ ಆ ಗಡಿ ಬೇಗ ಎದುರಾಗುತ್ತದೆ. ದೂರಕ್ಕೆ ನಡೆಯಲ್ಲ ಎಂಬ ಮಾತಿನಲ್ಲಿ ನಿಜ ಇರುವುದು ಇಲ್ಲಿ, ಅದೂ ನೂರಾರು ಮೀಟರ್ ಆಚೆ. ಎನ್‌ಸಿಸಿಯ ಪಾಯಿಂಟ್ ಟೂ ಟೂ ರೈಫಲ್ಲಿನಲ್ಲಿ 25 ಗಜಕ್ಕೆ ಹೊಡೆಯುವ ನಮಗೆ ಈ ಲೆಕ್ಕ ಸಂಬಂಧಿಸಿದ್ದೇ ಅಲ್ಲ. ಆ ಪುಟ್ಟ ತೋಟದಲ್ಲಿರುವ ಮದ್ದೇ ಸ್ವಲ್ಪ. ಬ್ಯಾರೆಲ್ ಅರ್ಧ ಮೀಟರ್ ಮುಟ್ಟುವ ಹೊತ್ತಿಗೆ ಅದರ ಜೋರು ಮುಗಿದಿರುತ್ತದೆ. ಅದಕ್ಕಿಂತ ಉದ್ದವಿದ್ದರೆ ವೇಗದಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ.

ನನ್ನ ಆಟದಲ್ಲಂತೂ ತಮಾಷೆಯೇ ಇದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿ.ಮೀ. ಅಷ್ಟೆ. ಅಷ್ಟು ಸೂಕ್ಷ್ಮ ಗುರಿಗೆ ಬಳಸುವ ರೈಫಲ್‌ಗಳ ಬ್ಯಾರೆಲ್ ಸಾಮಾನ್ಯವಾಗಿ 42 ಸೆಂ.ಮೀ. ಆಸುಪಾಸು! ಉದ್ದವಾಗಿ ಕಾಣುವುದು ಅದರ ಮುಂದೆ ಜೋಡಿಸಿದ ಟೊಳ್ಳು ಕೊಳವೆ. ಪೆಲೆಟ್ ಬೇಗ ಹೊರಬಿದ್ದರೆ ಕೈ ಅಲುಗಲು ಸಮಯ ಕಡಿಮೆ; ಅದಕ್ಕೆ ಗಿಡ್ಡ ಬ್ಯಾರೆಲ್. ಸೈಟ್‌ಗಳು ದೂರದೂರ ಇರಬೇಕು, ಅದಕ್ಕೆ ಕೊಳವೆ. ಮೇಲೆ ಹೇಳಿದ ಲಾಭ-ನಷ್ಟದ ಲೆಕ್ಕವನ್ನೆಲ್ಲ ತಯಾರಕರು ಹೀಗೆ ಒಂದೇ ರೈಫಲ್ಲಿನಲ್ಲಿ ಹೊಂದಿಸಿಬಿಟ್ಟಿದ್ದಾರೆ.

ಆದ್ದರಿಂದ ಹೊಸ ಕೆಡೆಟ್‌ಗಳಿಗೆ ನನ್ನದೊಂದು ಸಲಹೆ. ರೈಫಲ್ಲಿನ ಮೇಲೆ ಅನುಮಾನ ಬಂದರೆ ತರಬೇತುದಾರರ ಎದುರಲ್ಲೇ, ಕೈ ನಡುಗದ ಒಬ್ಬ ಸೀನಿಯರ್‌ಗೆ ಅದನ್ನು ಮರಳುಚೀಲದ ಮೇಲಿಟ್ಟು ಐದು ಗುಂಡು ಹೊಡೆಯಲು ಹೇಳಿ. ತೂತುಗಳು ಒತ್ತೊತ್ತಾಗಿ ಒಂದು ಮೂಲೆಯಲ್ಲಿ ಬಿದ್ದರೆ ರೈಫಲ್ ಚೆನ್ನಾಗಿದೆ, ಸೈಟ್ ಮಾತ್ರ ಸರಿಪಡಿಸಬೇಕು. ಅಲ್ಲೂ ಚದುರಿದರೆ ತೋಟ ಬದಲಿಸಿ ನೋಡಿ, ಸ್ಕ್ರೂ ಸಡಿಲವಿದೆಯೇ ಎಂದು ತೋರಿಸಿ. ಅವರಿಗೆ ಒತ್ತಾಗಿ ಬಿದ್ದು ನಿಮಗೆ ಮಾತ್ರ ಚದುರಿದರೆ ಸಂತೋಷಪಡಿ. ಉಸಿರು ಹಿಡಿಯುವುದು, ಟ್ರಿಗರ್ ಮೆಲ್ಲಗೆ ಒತ್ತುವುದು ಎರಡನ್ನೂ ದುಡ್ಡಿಲ್ಲದೆ ಕಲಿಯಬಹುದು. ಮನೆಯಲ್ಲಿ ಸಾಲದ ಮಾತು ತೆಗೆಯುವ ಮುಂಚೆ ಈ ಐದು ಗುಂಡಿನ ಪರೀಕ್ಷೆ ಆಗಿರಲಿ.