ಬಿಪಿ ಮಾತ್ರೆ ನುಂಗಿದರೆ ಆತಂಕ ಹೋಗುತ್ತದೆಯೇ?

"ಇಂಟರ್‌ವ್ಯೂಗೆ ಮುಂಚೆ ಒಂದು ಬಿಪಿ ಮಾತ್ರೆ ತಗೊಳ್ಳಿ, ಭಯವೇ ಇರಲ್ಲ" ಎಂಬ ಸಲಹೆಯನ್ನು ನಾವು ಅರ್ಧ ಸತ್ಯ ಎನ್ನುತ್ತೇವೆ. ಪ್ರೊಪ್ರನೊಲಾಲ್ ಎಂಬ ಮಾತ್ರೆ ಅಡ್ರಿನಲಿನ್ ಪ್ರಭಾವವನ್ನು ತಡೆಯುವುದರಿಂದ ಎದೆಬಡಿತ, ಕೈನಡುಕ ತಗ್ಗುತ್ತವೆ. ಚಿಂತೆಯ ಕಾರಣ ಹಾಗೇ ಉಳಿಯುತ್ತದೆ.

ಮಾನಸಿಕ ಆಘಾತದ ನಂತರ ಕಾಡುವ ಕೆಟ್ಟ ಕನಸುಗಳಿಗೆ ವೈದ್ಯರು ಕೆಲವೊಮ್ಮೆ ಪ್ರಜೋಸಿನ್ ಕೊಡುತ್ತಾರೆ. ಆದರೆ ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅದು ಹುಸಿ ಮಾತ್ರೆಗಿಂತ ಹೆಚ್ಚು ಫಲ ಕೊಡಲಿಲ್ಲ.

ಮನೆಯ ಹಿರಿಯರ ಮಾತ್ರೆಯನ್ನು ನೀವು ನುಂಗಬೇಡಿ. ಅಸ್ತಮಾ ಇದ್ದವರಿಗೆ ಪ್ರೊಪ್ರನೊಲಾಲ್‌ನಿಂದ ಉಸಿರಾಟವೇ ಕಷ್ಟವಾಗಬಹುದು. ಪ್ರಜೋಸಿನ್‌ನ ಮೊದಲ ಡೋಸ್‌ಗೇ ತಲೆಸುತ್ತಿ ಬೀಳಬಹುದು. ದಿನವೂ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಲೂಬಾರದು.

ಶಿವಾಜಿನಗರ, ಹಲಸೂರು ಕಡೆಯವರು ಬೌರಿಂಗ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತನಾಡಬಹುದು.