ತಂತಿಯ ಕಾವಲುಗಾರರು

ಹುಬ್ಬಳ್ಳಿ-ಧಾರವಾಡಗಳಲ್ಲಿ ಮಗನೋ ಮಗಳೋ ಇಲೆಕ್ಟ್ರಾನಿಕ್ಸ್ ವಿಷಯವನ್ನು ಓದುತ್ತಿರುವ ಮನೆಗಳು ಈಗ ವಿರಳವಲ್ಲ. 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಕಾಲೇಜು ಸ್ಥಾಪಿತವಾದಂದಿನಿಂದ ಇಂಜಿನಿಯರ ಪದವಿಯು ಈ ಸೀಮೆಯ ಗೃಹಸ್ಥರಿಗೆ ಪರಿಚಿತವಾದ ವಸ್ತುವಾಗಿದೆ. ಆದರೆ ಇಲೆಕ್ಟ್ರಾನಿಕ್ಸ್ ಎಂದೊಡನೆ ತಂದೆತಾಯಿಗಳ ಮನಸ್ಸು ನೆಟ್ಟಗೆ ಬೆಂಗಳೂರಿನ ಗಣಕಯಂತ್ರಗಳ ಕಚೇರಿಗೆ ಓಡುವದು. ಹೊಲಗಳ ಮೇಲೆ ಹಾಯ್ದುಹೋಗುವ ದೊಡ್ಡ ವಿದ್ಯುತ್ತಂತಿಗಳಿಗೂ ಈ ವಿದ್ಯೆಗೂ ಏನಾದರೂ ನಂಟು ಉಂಟೆಂದು ಯಾರೂ ಎಣಿಸುವದಿಲ್ಲ. ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳು ಇಲೆಕ್ಟ್ರಿಕಲ್ಲಿನವರ ಪಾಲು. ಅಲ್ಲಿ ಇಲೆಕ್ಟ್ರಾನಿಕ್ಸಿನವರಿಗೆ ಏನು ಕೆಲಸ ಎಂಬುದು ಸಾಮಾನ್ಯವಾದ ಪ್ರಶ್ನೆ. ಕೆಲಸವಿದೆ, ಅದೂ ಸಣ್ಣ ಕೆಲಸವಲ್ಲ. ಶಕ್ತಿಯನ್ನು ಹೊರುವದು ತಂತಿಯ ಧರ್ಮ. ಆ ತಂತಿಯನ್ನು ಯಾವ ಕ್ಷಣದಲ್ಲಿ ಕಡಿಯಬೇಕು, ಯಾವ ಕ್ಷಣದಲ್ಲಿ ಕಡಿಯಬಾರದು ಎಂಬ ತೀರ್ಮಾನವು ಇವರ ಸಲಕರಣೆಗಳದು.

ವಿದ್ಯುತ್ತನ್ನು ದೂರಕ್ಕೆ ಸಾಗಿಸುವ ಕಲೆ ಕನ್ನಡ ನಾಡಿಗೆ ಹೊಸದೇನಲ್ಲ. ದಿವಾನ ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ ಕೈಗೊಂಡ ಕಾರ್ಯವು 1902ರಲ್ಲಿ ಪೂರ್ತಿಯಾಗಿ, ಶಿವನಸಮುದ್ರದ ಕಾವೇರಿಯ ಶಕ್ತಿಯು ಸುಮಾರು 147 ಕಿಲೋಮೀಟರು ದಾಟಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಜಗತ್ತಿನಲ್ಲಿ ಅಂದಿಗೆ ಅಷ್ಟು ಉದ್ದದ ಸಾಲುಗಳು ಬೆರಳೆಣಿಕೆಯವು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಗಣಿಗೆ ಮೊದಲು, ಮನೆಗೆ ಆಮೇಲೆ!

ಈಗ ನಮ್ಮ ಸೀಮೆಗೆ ಬರೋಣ. ಧಾರವಾಡದ ಮಗ್ಗುಲಲ್ಲಿರುವ ನರೇಂದ್ರದಲ್ಲಿ ಪವರ್‌ಗ್ರಿಡ್ ಸಂಸ್ಥೆಯ 400 ಕಿಲೋವೋಲ್ಟಿನ ಸಬ್‌ಸ್ಟೇಷನ್ನು ಇದೆ. 2000ದಲ್ಲಿ ವಿದ್ಯುತ್ತನ್ನು ಕೊಡತೊಡಗಿದ ಕೈಗಾ ಅಣುಸ್ಥಾವರದ ತಂತಿಗಳು ಸಹ್ಯಾದ್ರಿಯ ಕಾಡನ್ನೇರಿ ಇಲ್ಲಿಗೆ ಬರುತ್ತವೆ. ಕಾಳೀನದಿಯ ನಾಗಝರಿಯಿಂದ 220 ಕಿಲೋವೋಲ್ಟಿನ ತಂತಿಗಳು ಹುಬ್ಬಳ್ಳಿಗೆ ಬರುತ್ತವೆ. ಈ ಎರಡೂ ದಾರಿಗಳು ಮಳೆಯ, ಸಿಡಿಲಿನ, ಎತ್ತರದ ಮರಗಳ ದಾರಿಗಳು. ಆಷಾಢದ ರಾತ್ರಿ ಹೆಬ್ಬಳ್ಳಿಯ ಮನೆಯೊಂದರಲ್ಲಿ ದೀಪವು ಒಮ್ಮೆ ಮಂಕಾಗಿ ಮರುಕ್ಷಣ ಮೊದಲಿನಂತೆ ಬೆಳಗಿತೆನ್ನಿರಿ. ಮನೆಯವರು ಅದನ್ನು ಗಮನಿಸುವದೂ ಇಲ್ಲ. ಅಷ್ಟರೊಳಗೆ ಕಾಡಿನಲ್ಲಿ ಒಂದು ದೊಡ್ಡ ಪ್ರಸಂಗ ನಡೆದು ಮುಗಿದಿರಬಹುದು.

ಅದು ನಡೆಯುವ ಬಗೆ ಹೀಗೆ. ಸಿಡಿಲು ಹೊಡೆದು ತಂತಿಯಿಂದ ಗೋಪುರಕ್ಕೆ ಕಿಡಿ ಹಾರಿದೊಡನೆ ವಿದ್ಯುತ್ತು ನೆಲಕ್ಕೆ ಹರಿಯತೊಡಗುವದು. ಅದನ್ನು ಹಾಗೆಯೇ ಬಿಟ್ಟರೆ ತಂತಿ ಕರಗಬಹುದು, ಟ್ರಾನ್ಸ್‌ಫಾರ್ಮರು ಹೊತ್ತಿಕೊಳ್ಳಬಹುದು, ಕೆಳಗಿದ್ದ ಮನುಷ್ಯನಾಗಲಿ ದನವಾಗಲಿ ಪ್ರಾಣ ಬಿಡಬಹುದು. 400 ಕಿಲೋವೋಲ್ಟಿನ ಸಾಲಿನಲ್ಲಿ ಇಂಥ ದೋಷವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಕಡಿದುಹಾಕಬೇಕೆಂಬುದು ದೇಶದ ನಿಯಮ. ಯಾವ ಮನುಷ್ಯನ ಕೈಯೂ ಇಷ್ಟು ಚುರುಕಲ್ಲ. ಆದುದರಿಂದ ಸಬ್‌ಸ್ಟೇಷನ್ನಿನ ಕೋಣೆಯೊಳಗೆ 'ರಿಲೇ' ಎಂಬ ಪೆಟ್ಟಿಗೆಯನ್ನು ಕಾವಲಿಗೆ ಇಟ್ಟಿರುತ್ತಾರೆ. ಹಿಂದಿನ ರಿಲೇಗಳಲ್ಲಿ ತಿರುಗುವ ತಟ್ಟೆಗಳೂ ತಕ್ಕಡಿಯಂಥ ಸನ್ನೆಗಳೂ ಇರುತ್ತಿದ್ದವು. ಈಗಿನವು ಸಣ್ಣ ಗಣಕಯಂತ್ರಗಳೇ. ತಂತಿಯ ಒತ್ತಡವನ್ನು 110 ವೋಲ್ಟಿಗೂ, ಪ್ರವಾಹವನ್ನು ಒಂದು ಆಂಪಿಯರಿನ ಆಸುಪಾಸಿಗೂ ಇಳಿಸಿ ಇವಕ್ಕೆ ತೋರಿಸುವರು. ಇವು ಆ ಎರಡನ್ನೂ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ನೋಡಿ, ಒಂದನ್ನು ಇನ್ನೊಂದರಿಂದ ಭಾಗಿಸುತ್ತಲೇ ಇರುವವು. ಬಾವಿಗೆ ಬಿಟ್ಟ ಹಗ್ಗದ ಉದ್ದದಿಂದ ನೀರಿನ ಆಳ ತಿಳಿಯುವಂತೆ, ಈ ಭಾಗಲಬ್ಧದಿಂದ ದೋಷವು ಎಷ್ಟು ಕಿಲೋಮೀಟರಿನಾಚೆ ಇದೆಯೆಂಬುದು ಗೊತ್ತಾಗುವದು. ತಂತಿಯ ಉದ್ದದ ನೂರಕ್ಕೆ ಎಂಬತ್ತು ಪಾಲಿನೊಳಗೆ ದೋಷವಿದ್ದರೆ ರಿಲೇಯು ತಡಮಾಡದೆ ಬ್ರೇಕರಿಗೆ ಅಪ್ಪಣೆ ಕೊಡುವದು. ಅದರಾಚೆಗಿದ್ದರೆ, ಅದು ನೆರೆಯ ಸಾಲಿನದೋ ಏನೋ ಎಂದು ಕೊಂಚ ತಡೆದು ನೋಡುವದು.

ಈ ತಡವನ್ನೂ ತಪ್ಪಿಸಲು ಎರಡು ತುದಿಯ ರಿಲೇಗಳು ಒಂದಕ್ಕೊಂದು ಮಾತನಾಡಿಕೊಳ್ಳಬೇಕು. ಇಲ್ಲಿಯೇ ನಮ್ಮ ಇಲೆಕ್ಟ್ರಾನಿಕ್ಸಿನವರ ಕೈಚಳಕ. ವಿದ್ಯುತ್ತನ್ನು ಒಯ್ಯುವ ಆ ತಂತಿಯ ಮೇಲೆಯೇ ಮಾತನ್ನೂ ಒಯ್ಯುವ ಉಪಾಯವನ್ನು ಬಹುಕಾಲದಿಂದ ನಡೆಯಿಸಿಕೊಂಡು ಬಂದಿದ್ದಾರೆ. ವಿದ್ಯುತ್ತಿನ ಆಂದೋಲನವು ಸೆಕೆಂಡಿಗೆ 50. ಮಾತಿನದು ಐವತ್ತು ಸಾವಿರದಿಂದ ಐದು ಲಕ್ಷದವರೆಗೆ. ಒಂದೇ ಬೀದಿಯಲ್ಲಿ ಆನೆಯೂ ಇರುವೆಯೂ ನಡೆದಂತೆ ಎರಡೂ ತಮ್ಮ ತಮ್ಮ ಪಾಡಿಗೆ ಸಾಗುತ್ತವೆ. ಸಬ್‌ಸ್ಟೇಷನ್ನಿನ ಬೇಲಿಯ ಹೊರಗಿನಿಂದ ನೋಡಿದರೂ, ತಂತಿ ಒಳಗೆ ಬರುವಲ್ಲಿ ಪೀಪಾಯಿಯಂಥ ದೊಡ್ಡ ಸುರುಳಿಯೊಂದು ತೂಗುತ್ತಲೋ ನಿಂತೋ ಇರುವದು ಕಾಣುವದು. ಮಾತು ಯಂತ್ರಗಳೊಳಗೆ ಸೋರಿಹೋಗದಂತೆ ತಡೆಯುವ ಕಟ್ಟೆ ಅದೇ. ಇತ್ತೀಚಿನ ವರ್ಷಗಳಲ್ಲಿ ಗೋಪುರದ ತುದಿಯ ಭೂತಂತಿಯೊಳಗೆ ಗಾಜಿನ ಎಳೆಗಳನ್ನು ಹುದುಗಿಸಿ ಬೆಳಕಿನ ಮೂಲಕ ಸುದ್ದಿ ಕಳಿಸುವ ಕ್ರಮವೂ ಬಳಕೆಗೆ ಬಂದಿದೆ. ದೋಷವು ಸಿಡಿಲಿನದಾದರೆ ಒಂದು ಸೆಕೆಂಡಿನಷ್ಟು ಕಾದು ತಂತಿಯನ್ನು ತಾನಾಗಿಯೇ ಕೂಡಿಸುವ ಏರ್ಪಾಡೂ ಇದೆ. ಅಷ್ಟರಲ್ಲಿ ಕಿಡಿ ಆರಿರುವದೇ ಹೆಚ್ಚು.

ಆದರೆ ಕಾವಲುಗಾರನು ಕಳ್ಳನನ್ನು ಬಿಟ್ಟರೆ ಎಷ್ಟು ಹಾನಿಯೋ, ಮನೆಯ ನೆಂಟನನ್ನು ಕಳ್ಳನೆಂದು ಹೊಡೆದರೂ ಅಷ್ಟೇ ಹಾನಿ. ಇದಕ್ಕೆ 2012ರ ಜುಲೈ 30ಕ್ಕಿಂತ ದೊಡ್ಡ ಉದಾಹರಣೆ ನಮ್ಮ ದೇಶದಲ್ಲಿಲ್ಲ. ಆ ರಾತ್ರಿ ಎರಡೂವರೆ ಗಂಟೆ ದಾಟಿದ ಮೇಲೆ ಮಧ್ಯಪ್ರದೇಶದ ಬೀನಾ-ಗ್ವಾಲಿಯರ ನಡುವಣ 400 ಕಿಲೋವೋಲ್ಟಿನ ಸಾಲನ್ನು ಅದರ ರಿಲೇಯು ಕಡಿದುಹಾಕಿತು. ತಂತಿಯಲ್ಲಿ ಯಾವ ದೋಷವೂ ಇರಲಿಲ್ಲ. ಹೊರೆ ಅತಿಯಾಗಿ ಪ್ರವಾಹ ಏರಿ ಒತ್ತಡ ಇಳಿದಿದ್ದರಿಂದ, ಭಾಗಲಬ್ಧವು ದೂರದ ದೋಷವೊಂದರಂತೆಯೇ ಕಂಡಿತು. ಆ ಸಾಲು ಹೋದೊಡನೆ ಅದರ ಹೊರೆ ಬೇರೆ ಸಾಲುಗಳ ಮೇಲೆ ಬಿತ್ತು. ಒಂದರ ಹಿಂದೊಂದು ಅವೂ ಕಡಿದವು. ಉತ್ತರ ಭಾರತವು ಕತ್ತಲಾಯಿತು. ಮರುದಿನ ಮಧ್ಯಾಹ್ನ ಪುನಃ ಅದೇ ಕಥೆ ನಡೆದು, ಉತ್ತರ, ಪೂರ್ವ, ಈಶಾನ್ಯ ಪ್ರಾಂತಗಳು ಕೂಡಿಯೇ ಬಿದ್ದವು. ಅರವತ್ತು ಕೋಟಿಗೂ ಮಿಕ್ಕಿದ ಜನವಸತಿಯ ಪ್ರದೇಶವದು. ರೈಲುಗಳು ದಾರಿಯಲ್ಲಿಯೇ ನಿಂತವು. ಪೂರ್ವದ ಕಲ್ಲಿದ್ದಲ ಗಣಿಗಳೊಳಗೆ ಕೆಲಸಗಾರರು ಸಿಕ್ಕಿಕೊಂಡರು.

ಆ ಎರಡು ದಿನ ಹುಬ್ಬಳ್ಳಿಯ ದೀಪಗಳು ಏಕೆ ಆರಲಿಲ್ಲವೆಂಬುದು ಕೇಳತಕ್ಕ ಸಂಗತಿ. ದಕ್ಷಿಣದ ಜಾಲವು ಆಗ ಉಳಿದ ದೇಶದೊಡನೆ ಒಂದೇ ತಾಳಕ್ಕೆ ಕುಣಿಯುತ್ತಿರಲಿಲ್ಲ. ಒಡಿಶಾದ ತಾಲಚೇರದಿಂದ ಕೋಲಾರದವರೆಗೆ 2003ರಲ್ಲಿ ಹಾಕಿದ, ಆರಂಭದಲ್ಲಿ 2000 ಮೆಗಾವಾಟು ಹೊರುತ್ತಿದ್ದ ಸಾಲು ಏಕಮುಖ ಪ್ರವಾಹದ್ದು. ಶುದ್ಧ ಸಿಲಿಕಾನಿನ ಬಿಲ್ಲೆಗಳಿಂದಾದ ಥೈರಿಸ್ಟರುಗಳನ್ನು ಸಾಲುಸಾಲಾಗಿ ಪೋಣಿಸಿ, ಅತ್ತಲಿನ ಅಂದೋಲಿಸುವ ವಿದ್ಯುತ್ತನ್ನು ನೇರಮಾಡಿ, ಇತ್ತ ಕೋಲಾರದಲ್ಲಿ ಮತ್ತೆ ಅಂದೋಲಿಸುವಂತೆ ಮಾಡುವರು. ಎಷ್ಟು ಬೇಕೋ ಅಷ್ಟೇ ಹರಿಯಿಸುವ ತೂಬು ಅದು. ಆಚೆಯ ಕೆರೆ ಒಡೆದರೂ ಈಚೆಯ ಕೆರೆ ಬರಿದಾಗಲಿಲ್ಲ. ಬರುತ್ತಿದ್ದ ನೀರು ಕಡಿಮೆಯಾದಷ್ಟಕ್ಕೆ ಕೆಲವೆಡೆ ಹೊರೆಯನ್ನು ಇಳಿಸಬೇಕಾಯಿತು, ಅಷ್ಟೆ. 1902ರಲ್ಲಿ ಕಾವೇರಿಯ ಶಕ್ತಿ ಬಂದಿಳಿದ ಕೋಲಾರದ ನೆಲಕ್ಕೇ ನೂರು ವರ್ಷಗಳ ಮೇಲೆ ಈ ತೂಬೂ ಬಂದು ಕೂತದ್ದು ನಮಗೆ ಸೋಜಿಗವೆನಿಸುತ್ತದೆ.

2013ರ ದಶಂಬರ 31ರಂದು ರಾಯಚೂರು-ಸೊಲ್ಲಾಪುರದ 765 ಕಿಲೋವೋಲ್ಟಿನ ಸಾಲು ಜೋಡಣೆಯಾದ ಮೇಲೆ ಆ ಪ್ರತ್ಯೇಕತೆಯೂ ಹೋಯಿತು. ಇಂದು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಯಂತ್ರಗಳೆಲ್ಲ ಒಂದೇ ತಾಳಕ್ಕೆ ತಿರುಗುವವು. ಕೊರತೆಯುಳ್ಳವರಿಗೆ ಹೆಚ್ಚಿದ್ದವರು ಕೊಡಲು ಇದರಿಂದ ಬಹಳ ಅನುಕೂಲವಾಯಿತು. ಅದರೊಡನೆಯೇ ಒಂದು ರಿಲೇಯ ತಪ್ಪು ಎಷ್ಟು ದೂರ ಹೋಗಬಹುದೆಂಬ ಭಯವೂ ಹಿರಿದಾಯಿತು.

ಈ ಭಯವನ್ನು ಹೊತ್ತುಕೊಂಡವರ ದಿನಚರಿಯಲ್ಲಿ ಆಡಂಬರವೇನೂ ಇಲ್ಲ. ಸಾಲನ್ನು ನಿಲ್ಲಿಸಿದ ಹೊತ್ತಿನಲ್ಲಿ ರಿಲೇಗೆ ಸುಳ್ಳು ದೋಷಗಳನ್ನು ತೋರಿಸಿ ಅದು ಸರಿಯಾಗಿ ಉತ್ತರಿಸುವದೋ ಎಂದು ಪರೀಕ್ಷಿಸಬೇಕು. ದೋಷವಾದಾಗ ರಿಲೇಯು ಬರೆದಿಟ್ಟ ಅಲೆಗಳ ಚಿತ್ರವನ್ನು ತೆಗೆದು, ಉಪಗ್ರಹದ ಗಡಿಯಾರಕ್ಕೆ ಹೊಂದಿಸಿದ ಸಮಯದೊಡನೆ, ಎರಡು ತುದಿಯ ಲೆಕ್ಕಗಳನ್ನು ತಾಳೆ ನೋಡಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಬ್ಯಾಟರಿಯ ಕೋಣೆ. ರಿಲೇಗೂ ಬ್ರೇಕರಿಗೂ ಜೀವವು ಬ್ಯಾಟರಿಯಿಂದ; ತಂತಿಯಲ್ಲಿ ವಿದ್ಯುತ್ತು ಹೋದಾಗಲೇ ಅದರ ಅಗತ್ಯವು ಹೆಚ್ಚು. ಕೋಟಿಗಟ್ಟಲೆ ಬೆಲೆಯ ಯಂತ್ರದ ಭವಿಷ್ಯವು ಹೊತ್ತಿಗೆ ಸರಿಯಾಗಿ ಹೊಯ್ದ ಸೇರು ಭಟ್ಟಿನೀರಿನ ಮೇಲೆ ನಿಂತಿರುವದುಂಟು. ಇನ್ನು ಲೈನ್‌ಮನ್ನರು ಕಂಬ ಏರುವ ಮುಂಚೆ ಸಾಲು ನಿಜವಾಗಿ ಸತ್ತಿದೆಯೆಂದು ಬರೆದುಕೊಡುವ ಚೀಟಿಯ ವಿಷಯ: ಆ ಚೀಟಿಯ ಹಿಂದೆ ಒಂದು ಸಂಸಾರ ಇರುವದೆಂಬುದನ್ನು ಅನುಭವಸ್ಥರು ಹೊಸಬರಿಗೆ ಮೊದಲ ವಾರದಲ್ಲಿಯೇ ಕಲಿಸುತ್ತಾರೆ.

ಮಕ್ಕಳನ್ನು ಈ ಕೆಲಸಕ್ಕೆ ಹಾಕಬೇಕೋ ಬೇಡವೋ ಎಂದು ಯೋಚಿಸುವ ಗೃಹಸ್ಥರಿಗೆ ಎರಡು ಮಾತು. ನಮ್ಮ ಏಳು ಜಿಲ್ಲೆಗಳಿಗೆ ವಿದ್ಯುತ್ತು ಹಂಚುವ ಹೆಸ್ಕಾಮಿನ ಮುಖ್ಯ ಕಚೇರಿ ಹುಬ್ಬಳ್ಳಿಯ ನವನಗರದಲ್ಲಿಯೇ ಇದ್ದರೂ, ದೊಡ್ಡ ಸಾಲುಗಳ ಕೆಲಸ ರಾಜ್ಯದಲ್ಲಿ ಕೆಪಿಟಿಸಿಎಲ್ಲಿನದು, ರಾಜ್ಯರಾಜ್ಯಗಳ ನಡುವೆ ಪವರ್‌ಗ್ರಿಡ್ಡಿನದು. ಪವರ್‌ಗ್ರಿಡ್ಡಿನವರು ಗೇಟ್ ಪರೀಕ್ಷೆಯ ಮೂಲಕ ಇಲೆಕ್ಟ್ರಾನಿಕ್ಸಿನ ಪದವೀಧರರನ್ನೂ ತೆಗೆದುಕೊಂಡದ್ದುಂಟು. ಸಂಬಳ ಸಾಕಷ್ಟು, ರಾತ್ರಿಯ ಕರೆ ತಪ್ಪದು, ಹಬ್ಬದ ದಿನವೂ ಕೆಲಸ ಇದ್ದೇ ಇರುವದು. ಊರು ಯಾವುದು ಸಿಗುವದೆಂಬುದಂತೂ ಕೈಯಲ್ಲಿಲ್ಲ. ನರೇಂದ್ರವೇ ಸಿಕ್ಕರೆ ಮನೆಯ ರೊಟ್ಟಿ ಉಂಡು ಹೋಗಿಬರಬಹುದು. ಇಲ್ಲವಾದರೆ ರಾಯಚೂರಿನ ಬಿಸಿಲೂ ಸರಿಯೇ, ತಾಲಚೇರದ ಕಲ್ಲಿದ್ದಲ ಧೂಳೂ ಸರಿಯೇ.